ಹಿಮವಿಲ್ಲದ ಹೊಳೆಗೆ ಬೇಸಿಗೆಯ ನೀರು ಎಲ್ಲಿಂದ?

ಪ್ರಶ್ನೆ: ನಾನು ಗದುಗಿನ ಬೆಟಗೇರಿಯಲ್ಲಿರುವ ನಿವೃತ್ತ ಶಾಲಾ ಶಿಕ್ಷಕಿ. ಮೇ ತಿಂಗಳಲ್ಲಿ ಗಂಗೋತ್ರಿ ಯಾತ್ರೆಗೆ ಹೋಗಿದ್ದೆ. ಅಂಥ ಬಿಸಿಲುಗಾಲದಲ್ಲೂ ಭಾಗೀರಥಿ ಭೋರ್ಗರೆದು ಹರಿಯುತ್ತಿದ್ದಳು. ಮರಳಿ ಬಂದ ವಾರದಲ್ಲೇ ಮುಂಡರಗಿ ತಾಲ್ಲೂಕಿನ ತವರಿಗೆ ಹೋದಾಗ, ಹಮ್ಮಿಗಿ ಬ್ಯಾರೇಜಿನ ಕೆಳಗೆ ತುಂಗಭದ್ರೆಯಲ್ಲಿ ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ನೀರಷ್ಟೇ ಕಂಡಿತು. ನಮ್ಮ ಓಣಿಯ ನಳಕ್ಕೆ ನೀರು ಬರುವುದು ಹತ್ತು-ಹನ್ನೆರಡು ದಿನಕ್ಕೊಮ್ಮೆ. ನಮ್ಮ ಹೊಳೆಗಳಿಗೆ ಹಿಮವಿಲ್ಲದ್ದರಿಂದಲೇ ಈ ಗತಿಯೇ? ಹಿಮಾಲಯದ ಹಿಮವೆಲ್ಲ ಇನ್ನು ಹತ್ತು-ಹದಿನೈದು ವರ್ಷಗಳಲ್ಲಿ ಕರಗಿ ಮುಗಿಯುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ಅದು ನಿಜವೇ, ನಿಜವಾದರೆ ನಮಗೂ ತೊಂದರೆಯೇ? ಗಂಗಾ-ಕಾವೇರಿ ಜೋಡಣೆಯಾದರೆ ಆ ಹಿಮದ ನೀರು ಇತ್ತ ಬರುತ್ತದೆಂದು ನೆರೆಯವರು ಹೇಳುತ್ತಾರೆ. ಅಷ್ಟರೊಳಗೆ ಹಿತ್ತಲಲ್ಲಿ ಬೋರ್ ಕೊರೆಸೋಣವೆಂದು ಮಗ ಹಟ ಹಿಡಿದಿದ್ದಾನೆ. ಮನೆಯಲ್ಲಿ ಐದು ಜನ ಇದ್ದೇವೆ. ಏನು ಮಾಡಲಿ? ಕೊನೆಯದಾಗಿ, ಗಂಗೋತ್ರಿಯಿಂದ ತಂದ ಗಿಂಡಿಯಲ್ಲಿರುವುದು ನಿಜವಾಗಿಯೂ ಹಿಮದ ನೀರೇ?

ಉತ್ತರ: ಅಕ್ಕೋರೇ, ತಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಬುಡದಲ್ಲಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಹಿಮ ಬೀಳದ ನಾಡಿನಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮ ಹೊಳೆಗಳು ಬೇಸಿಗೆಯಲ್ಲಿ ಬತ್ತಲೇಬೇಕೇ, ಹಿಮವಿರುವ ನಾಡಿನ ಹೊಳೆಗಳೂ ನಾಳೆ ನಮ್ಮವುಗಳಂತೆಯೇ ಆಗಿಬಿಡುತ್ತವೆಯೇ ಎಂಬುದು ಆ ಆತಂಕ. ನೀರಿನ ಲೆಕ್ಕ ಹಾಕುವುದೇ ನನ್ನ ವೃತ್ತಿ. ಆರಂಭದ ಕೆಲವು ವರ್ಷ ಹಿಮಾಚಲ ಪ್ರದೇಶದ ಸಟ್ಲೆಜ್ ಕಣಿವೆಯಲ್ಲಿ ಹಿಮವನ್ನು ಅಳೆದೆ. ಉಳಿದ ಕಾಲವನ್ನೆಲ್ಲ ಮಲಪ್ರಭೆ, ವರದಾ ಮತ್ತು ತುಂಗಭದ್ರೆಯ ದಂಡೆಗಳಲ್ಲಿ ಕಳೆದಿದ್ದೇನೆ. ಎರಡೂ ಕಡೆಯ ಹೊಳೆಗಳನ್ನು ಹತ್ತಿರದಿಂದ ಕಂಡವನಾಗಿ ಉತ್ತರಿಸುತ್ತೇನೆ.

ಹಿಮ ಮಾಡುವ ಕೆಲಸವನ್ನು ಅರ್ಥ ಮಾಡಿಕೊಳ್ಳಲು ನಮ್ಮ ಹಿರಿಯರ ಹಗೇವನ್ನು ನೆನೆದರೆ ಸಾಕು. ಸುಗ್ಗಿಯಲ್ಲಿ ಬಂದ ಜೋಳವನ್ನು ನೆಲದೊಳಗಿನ ಹಗೇವಿಗೆ ಸುರಿದು, ಬಾಯಿ ಮುಚ್ಚಿ, ಬೇಕಾದ ಕಾಲಕ್ಕೆ ತೆಗೆಯುತ್ತಿದ್ದರು. ಹಗೇವು ಜೋಳ ಬೆಳೆಯುವುದಿಲ್ಲ, ಬೆಳೆದದ್ದನ್ನು ಕಾಯ್ದಿಡುತ್ತದೆ. ಹಿಮವೂ ಹಾಗೆಯೇ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮೋಡಗಳು ಹಿಮಾಲಯದ ಎತ್ತರಗಳಲ್ಲಿ ಸುರಿಸುವುದು ನಮ್ಮ ಮಳೆಯಂಥದೇ ನೀರು, ಆದರೆ ಅದು ಬಿದ್ದ ದಿನವೇ ಇಳಿಜಾರು ಹಿಡಿದು ಓಡಿಹೋಗದೆ ಬೆಟ್ಟದ ಮೇಲೆಯೇ ಕುಳಿತು, ಏಪ್ರಿಲ್‌ನಿಂದ ಜೂನ್‌ವರೆಗೆ, ಅಂದರೆ ಕೆಳಗಿನ ಬಯಲಿನಲ್ಲಿ ನೀರಿಗೆ ಅತಿ ಹೆಚ್ಚು ಬೇಡಿಕೆ ಇರುವ ತಿಂಗಳುಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ ಇಳಿದು ಬರುತ್ತದೆ.

ಅದು ಒಮ್ಮೆಲೇ ಕರಗಿ ಹೋಗದಿರುವುದಕ್ಕೆ ಎರಡು ಕಾರಣಗಳಿವೆ. ಒಂದು ಗ್ರಾಂ ಮಂಜುಗಡ್ಡೆಯನ್ನು ಬರಿದೇ ಕರಗಿಸಲು 80 ಕ್ಯಾಲರಿ ಶಾಖ ಬೇಕು. ಅಷ್ಟೇ ಶಾಖದಿಂದ ಒಂದು ಗ್ರಾಂ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಮೇಲಾಗಿ ಹೊಸದಾಗಿ ಬಿದ್ದ ಬಿಳಿ ಹಿಮವು ತನ್ನ ಮೇಲೆ ಬಿದ್ದ ಬಿಸಿಲಿನ ಶೇ. 80ಕ್ಕೂ ಹೆಚ್ಚು ಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಹೊಗೆಯ ಮಸಿಯೂ ದೂಳೂ ಮೇಲೆ ಕುಳಿತಾಗ ಆ ಬಿಳುಪು ಕುಗ್ಗಿ, ಹಿಮ ಬೇಗ ಕರಗತೊಡಗುತ್ತದೆ.

ಹಿಮವನ್ನು ಅಳೆಯುವ ಕೆಲಸ ಸರಳವಾದದ್ದು, ಆದರೆ ಬೆರಳು ಮರಗಟ್ಟಿಸುವಂಥದು. ಅಲ್ಯೂಮಿನಿಯಂ ಕೊಳವೆಯೊಂದನ್ನು ಹಿಮದೊಳಗೆ ನೆಲ ಮುಟ್ಟುವವರೆಗೆ ಒತ್ತಿ, ಎಳೆದು ತೆಗೆದು, ಒಳಗೆ ಸಿಕ್ಕ ಹಿಮದ ಸಮೇತ ಕೊಳವೆಯನ್ನು ತೂಗಬೇಕು. ಹೊಸ ಹಿಮ ಹತ್ತು ಸೆಂಟಿಮೀಟರ್ ದಪ್ಪವಿದ್ದರೆ ಕರಗಿದಾಗ ಸಿಗುವುದು ಸುಮಾರು ಒಂದು ಸೆಂಟಿಮೀಟರ್ ನೀರು. ಅದೇ ಹಿಮ ತಿಂಗಳುಗಟ್ಟಲೆ ಕುಳಿತು ಬಿಗಿದುಕೊಂಡ ಮೇಲೆ ಅಷ್ಟೇ ದಪ್ಪದಲ್ಲಿ ಮೂರು-ನಾಲ್ಕು ಪಟ್ಟು ನೀರಿರುತ್ತದೆ. ಆದ್ದರಿಂದ ಬೆಟ್ಟ ಬೆಳ್ಳಗೆ ಕಾಣುತ್ತದೆಂದ ಮಾತ್ರಕ್ಕೆ ನೀರು ಎಷ್ಟಿದೆಯೆಂದು ಹೇಳಲಾಗುವುದಿಲ್ಲ, ತೂಗಿಯೇ ತಿಳಿಯಬೇಕು. ಅಲ್ಲಿನ ಒಂದು ತೊರೆಯನ್ನು ನಾವು ಮುಂಜಾನೆ ಆರಕ್ಕೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ದಾಟುತ್ತಿದ್ದೆವು. ಮಧ್ಯಾಹ್ನ ನಾಲ್ಕಕ್ಕೆ ಮರಳಿದಾಗ ಅದೇ ತೊರೆ ತೊಡೆಮಟ್ಟ ಏರಿ, ಬೂದುಬಣ್ಣಕ್ಕೆ ತಿರುಗಿ, ಒಳಗೆ ಗುಂಡುಕಲ್ಲುಗಳು ಉರುಳುವ ಸದ್ದು ಕೇಳುತ್ತಿತ್ತು. ಒಂದು ಹನಿ ಮಳೆ ಬಿದ್ದಿರುತ್ತಿರಲಿಲ್ಲ. ಅಂದಿನ ಬಿಸಿಲಿಗೆ ಕರಗಿದ ಹಿಮವೇ ಸಂಜೆಯ ಹೊತ್ತಿಗೆ ಹೊಳೆಗೆ ಬಂದಿರುತ್ತಿತ್ತು.

ಇಲ್ಲಿ ಹಿಮ ಮತ್ತು ಹಿಮನದಿ ಎಂಬ ಎರಡನ್ನು ಬೇರೆಯಾಗಿ ನೋಡಬೇಕು. ಪ್ರತಿ ಚಳಿಗಾಲ ಬಿದ್ದು ಬೇಸಿಗೆಯಲ್ಲಿ ಕರಗುವ ಹಿಮ ವರ್ಷದ ಆದಾಯವಿದ್ದಂತೆ. ನೂರಾರು ವರ್ಷಗಳ ಹಿಮ ಒತ್ತಿ ಗಟ್ಟಿಯಾದ ಗಂಗೋತ್ರಿಯಂಥ ಹಿಮನದಿ, ಸುಮಾರು 30 ಕಿ.ಮೀ. ಉದ್ದದ್ದು, ತಲೆಮಾರುಗಳ ಗಂಟು. ಏಪ್ರಿಲ್-ಮೇನಲ್ಲಿ ಹೊಳೆಗೆ ಬರುವುದು ಮುಖ್ಯವಾಗಿ ಆ ವರ್ಷದ ಹಿಮ. ಅದು ಸರಿದ ಮೇಲೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಹಿಮನದಿಯ ಗಡ್ಡೆ ಕರಗುತ್ತದೆ.

ಈಗ ತಾವು ಓದಿದ ಸುದ್ದಿಗೆ ಬರುತ್ತೇನೆ. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗಬಹುದು ಎಂಬ ಮಾತು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2007ರ ವರದಿಯಲ್ಲಿ ನುಸುಳಿತ್ತು. ಅದಕ್ಕೆ ಆಧಾರವಿಲ್ಲವೆಂದು ಒಪ್ಪಿಕೊಂಡು ಸಮಿತಿಯೇ 2010ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಂಡಿತು. ತಾವು ಓದಿದ್ದು ಆ ಹಳೆಯ ತಪ್ಪಿನ ಪ್ರತಿಧ್ವನಿಯೆಂದು ತೋರುತ್ತದೆ. ಹಾಗೆಂದು ನಿಶ್ಚಿಂತರಾಗಿರುವಂತೆಯೂ ಇಲ್ಲ. ಕಾಠ್ಮಂಡುವಿನಲ್ಲಿರುವ ಪರ್ವತ ಅಧ್ಯಯನ ಸಂಸ್ಥೆ ಇಸಿಮೋಡ್ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2011ರಿಂದ 2020ರ ನಡುವೆ ಈ ಭಾಗದ ಹಿಮನದಿಗಳು ಅದರ ಹಿಂದಿನ ದಶಕಕ್ಕಿಂತ ಶೇ. 65ರಷ್ಟು ಹೆಚ್ಚು ವೇಗದಲ್ಲಿ ಕರಗಿವೆ. ಗಂಟು ಬಿಚ್ಚಿ ಖರ್ಚು ಮಾಡುವಾಗ ಮನೆಯಲ್ಲಿ ಕೆಲಕಾಲ ಹಣ ಹೆಚ್ಚು ಓಡಾಡುವಂತೆ, ಹಿಮನದಿ ಕರಗುವಾಗ ಹೊಳೆಯಲ್ಲಿ ಮೊದಲು ನೀರು ಹೆಚ್ಚುತ್ತದೆ. ಆ ಮಟ್ಟ ತುದಿ ಮುಟ್ಟಿದ ಮೇಲೆ ಇಳಿಮುಖವಾಗುತ್ತದೆ. ‘ಹಿಮ ಕರಗಿದಷ್ಟೂ ನೀರು ಹೆಚ್ಚು, ಅದು ಒಳ್ಳೆಯದೇ ಅಲ್ಲವೇ’ ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ಆ ನಡುಗಾಲದಲ್ಲಿ ಅಪಾಯವೂ ಇದೆ: ಕರಗಿದ ನೀರು ಎತ್ತರದಲ್ಲಿ ಕೆರೆಯಾಗಿ ನಿಂತು ಒಡೆದರೆ ಏನಾಗುತ್ತದೆಂಬುದನ್ನು 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಮಿನ ತೀಸ್ತಾ ಕಣಿವೆ ಕಂಡಿತು; ಚುಂಗ್‌ಥಾಂಗ್‌ನ ಅಣೆಕಟ್ಟೇ ಕೊಚ್ಚಿಹೋಯಿತು.

ಹಿಮನದಿಗಿಂತ ಮೊದಲು ತೊಂದರೆ ಕೊಡುವುದು ವರ್ಷದ ಹಿಮ ಎಂಬುದು ನನ್ನ ಅಭಿಪ್ರಾಯ. ಚಳಿಗಾಲ ಬೆಚ್ಚಗಾದರೆ ಅದೇ ಮೋಡ ಹಿಮದ ಬದಲು ಮಳೆ ಸುರಿಸುತ್ತದೆ. ಆಗ ಒಟ್ಟು ನೀರು ಅಷ್ಟೇ ಬಿದ್ದರೂ ಹಗೇವು ತುಂಬುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೀರಿನ ಸುಮಾರು ಶೇ. 30ರಷ್ಟು ಬೆಟ್ಟದ ಹಿಮದಿಂದಲೇ ದೊರೆಯುತ್ತದೆ. 2015ರ ಏಪ್ರಿಲ್ 1ರಂದು ಅಳೆದಾಗ ಅಲ್ಲಿ ಇದ್ದದ್ದು ವಾಡಿಕೆಯ ಹಿಮದ ಶೇ. 5 ಮಾತ್ರ. ಮಳೆ ಕಡಿಮೆಯಾಗಿದ್ದುದರ ಜೊತೆಗೆ ಆ ಚಳಿಗಾಲ ಬಹಳ ಬೆಚ್ಚಗಿದ್ದುದೂ ಅದಕ್ಕೆ ಕಾರಣವಾಗಿತ್ತು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ಗಂಗೆಯ ನೀರೆಲ್ಲ ಹಿಮದ್ದೆಂದು ನಾವು ತಿಳಿದಿದ್ದೇವೆ. ಸಿಂಧೂ ನದಿಯ ಪರ್ವತ ಭಾಗದಲ್ಲಿ ಹರಿವಿನ ಅರ್ಧಕ್ಕೂ ಹೆಚ್ಚು ಪಾಲು ಹಿಮ ಮತ್ತು ಹಿಮನದಿಗಳದ್ದು ಎಂಬುದು ನಿಜ. ಗಂಗೆಯ ಪರ್ವತ ಭಾಗದಲ್ಲಾದರೋ ಅವೆರಡೂ ಸೇರಿ ವರ್ಷದ ನೀರಿನ ಐದರಲ್ಲೊಂದು ಪಾಲಿನಷ್ಟು ಮಾತ್ರ. ಮೂರರಲ್ಲೆರಡು ಪಾಲು ಮಳೆಯದು. ಬಯಲಿಗಿಳಿದಂತೆ ಹಿಮದ ಪಾಲು ಇನ್ನಷ್ಟು ಸಣ್ಣದಾಗುತ್ತದೆ. ಆದರೆ ಆ ಸಣ್ಣ ಪಾಲು ಬರುವುದು ಬೇಸಿಗೆಯಲ್ಲಿ, ಹಾಗಾಗಿ ಅದರ ಬೆಲೆ ಅಳತೆಗಿಂತ ದೊಡ್ಡದು. ಇತ್ತ ನರ್ಮದೆಯನ್ನು ನೋಡಿ. ಅಮರಕಂಟಕದಲ್ಲಿ ಹುಟ್ಟುವ ಆಕೆಗೆ ಒಂದು ಹಿಡಿ ಹಿಮವೂ ಸೇರುವುದಿಲ್ಲ, ಆದರೂ ವರ್ಷವಿಡೀ ಹರಿಯುತ್ತಾಳೆ. ನಮ್ಮ ಮಗ್ಗುಲಿನ ಅಘನಾಶಿನಿಯೂ ಹಾಗೆಯೇ. ಹಿಮವಿಲ್ಲದ ಹೊಳೆ ಬತ್ತಲೇಬೇಕೆಂಬ ನಿಯಮವಿಲ್ಲ. ಮಳೆ ನಿಂತ ಮೇಲೆ ನೀರನ್ನು ಹಿಡಿದಿಟ್ಟು ಬಿಡುವ ಜಾಗ ಯಾವುದಾದರೊಂದು ಇರಬೇಕು, ಅಷ್ಟೇ.

ನಮ್ಮ ಹೊಳೆಗಳ ಹಗೇವು ಎಲ್ಲಿದೆ? ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಗದುಗಿನಲ್ಲಿ ಆಗುವುದು 600-700 ಮಿ.ಮೀ. ಮಾತ್ರ. ತುಂಗೆ-ಭದ್ರೆಯರ ಗಂಗಾಮೂಲವೂ ಸಾಗರ ಪಟ್ಟಣದ ಬಳಿಯ ವರದಾಮೂಲವೂ ಮಲೆನಾಡಿನಲ್ಲೇ ಇವೆ. ಅಲ್ಲಿಯ ಕಾಡಿನ ತರಗೆಲೆಯ ಹಾಸು, ಅದರಡಿಯ ಮೆತ್ತನೆಯ ಮಣ್ಣು, ರಂಧ್ರಗಳುಳ್ಳ ಜಂಬಿಟ್ಟಿಗೆ ಕಲ್ಲು, ಇವೇ ನಮ್ಮ ಹೊಳೆಗಳ ಮೊದಲ ಹಗೇವು. ಬಯಲುಸೀಮೆಗೆ ಬಂದ ಮೇಲೆ ನಮ್ಮ ಕಾಲಡಿ ಇರುವುದು ಭೂವಿಜ್ಞಾನಿಗಳು ಧಾರವಾಡದ ಹೆಸರಿನಿಂದಲೇ ಕರೆಯುವ, 250 ಕೋಟಿ ವರ್ಷಗಳಿಗೂ ಹಳೆಯದಾದ ಗಟ್ಟಿ ಶಿಲೆ. ಗದುಗಿನ ಕಪ್ಪತಗುಡ್ಡವೂ ಅದರ ಭಾಗವೇ. ಅದರಲ್ಲಿ ನೀರು ನಿಲ್ಲುವುದು ಮೇಲಿನ ಸವೆದ ಪದರಿನಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಎರೆಭೂಮಿಯ ಸ್ವಭಾವವನ್ನು ಒಕ್ಕಲಿಗರು ಬಲ್ಲರು: ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಟ್ಟ ನೆಲ ಮೊದಲ ಮಳೆಗಳಲ್ಲಿ ನೀರು ಕುಡಿದು ಉಬ್ಬಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಬಿದ್ದ ನೀರು ಒಳಗಿಳಿಯದೆ ಹಳ್ಳ ಸೇರುತ್ತದೆ. ಹೀಗಾಗಿಯೇ 2009ರಲ್ಲಿಯೂ 2019ರಲ್ಲಿಯೂ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನುಗ್ಗಿದ ಮಲಪ್ರಭೆ, ಅನೇಕ ಬೇಸಿಗೆಗಳಲ್ಲಿ ಕಾಲು ತೋಯಿಸುವಷ್ಟೂ ಇರುವುದಿಲ್ಲ.

ಇವೆಲ್ಲದರ ನಡುವೆ ಬಯಲಿನ ಹೊಳೆಗೆ ಒಂದು ದೊಡ್ಡ ಆಸರೆಯಿತ್ತು, ಅದು ಉಸುಕು. ಹಾವೇರಿ ಜಿಲ್ಲೆಯಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ವರದಾ ಹೊಳೆ ಒಣಗಿ ಮಲಗಿತ್ತು. ಅಜ್ಜಿಯೊಬ್ಬಳು ಹೊಳೆಯ ನಡುವೆ ಕುಳಿತು ತೆಂಗಿನ ಕರಟದಿಂದ ಉಸುಕು ತೋಡಿದಳು. ಮೊಣಕೈ ಆಳಕ್ಕೆ ಹೋಗುವಷ್ಟರಲ್ಲಿ ತಗ್ಗಿನ ಬುಡ ಕಪ್ಪಾಯಿತು, ಬದಿಗಳಿಂದ ನೀರು ಒಸರಿತು. ಮೊದಲು ಬಂದ ಕದಡಿದ ನೀರನ್ನು ಎರಡು ಸಲ ಎತ್ತಿ ಚೆಲ್ಲಿ, ತಿಳಿಯಾದ ಮೇಲೆ ಕರಟದಿಂದ ಕೊಡಕ್ಕೆ ತುಂಬಿಸಿ, ಸೆರಗಿನಿಂದ ಬಾಯಿ ಮುಚ್ಚಿದಳು. ಆ ವರ್ತಿಯ ನೀರನ್ನು ನಾನೂ ಕುಡಿದಿದ್ದೇನೆ. ಹಿಮದ ತೊರೆಯ ನೀರಿಗಿಂತ ಅದರ ರುಚಿ ಕಡಿಮೆಯಿರಲಿಲ್ಲ. ಹೊಳೆಯ ಉಸುಕು ತನ್ನ ಗಾತ್ರದ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ನೀರನ್ನು ಒಳಗಿಟ್ಟುಕೊಳ್ಳಬಲ್ಲದು, ಮೇಲಿನ ಒಣ ಪದರು ಬಿಸಿಲಿಗೆ ನೀರು ಆರದಂತೆ ಕಾಯುತ್ತದೆ. ಆ ಉಸುಕನ್ನು ಲಾರಿಗಟ್ಟಲೆ ಸಾಗಿಸಿ ಬಂಡೆ ಕಾಣಿಸಿದಲ್ಲೆಲ್ಲ ನಾವು ಹಗೇವನ್ನೇ ಕಿತ್ತು ಮಾರಿದ್ದೇವೆ. ಇದನ್ನು ಹೇಳುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ತಾವು ಹಮ್ಮಿಗಿಯಲ್ಲಿ ನಿಂತಿದ್ದ ಜಾಗದ ಬಗ್ಗೆ ಒಂದು ಮಾತು. ಅದು ಬ್ಯಾರೇಜಿನ ಕೆಳಗಡೆ. ಬೇಸಿಗೆಯಲ್ಲಿ ಗೇಟುಗಳನ್ನು ಇಳಿಸಿ ನೀರನ್ನು ಮೇಲ್ಗಡೆ ನಿಲ್ಲಿಸಿರುತ್ತಾರೆ. ಅದರಾಚೆ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಇದೆ, ದಂಡೆಯುದ್ದಕ್ಕೂ ಪಂಪುಗಳಿವೆ. ತಾವು ಕಂಡ ಬಂಡೆಗಳಲ್ಲಿ ಪ್ರಕೃತಿಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ಕೇಳಿದರೆ, ನಮ್ಮದೇ ಹೆಚ್ಚು ಎನ್ನಬೇಕಾಗುತ್ತದೆ. ಅಣೆಕಟ್ಟೂ ಒಂದು ಹಗೇವೇ, ಆದರೆ ಅದಕ್ಕೆ ಆಯುಷ್ಯವಿದೆ. 1953ರಲ್ಲಿ ಮುಗಿದ ಹೊಸಪೇಟೆಯ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೊದಲು ಸುಮಾರು 133 ಟಿಎಂಸಿ ಅಡಿ ಇತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಹಿಮದ ಹಗೇವಿಗೆ ಹೂಳಿನ ಕಾಟವಿಲ್ಲ.

ಹಿಮಾಲಯದ ಹಿಮ ಕರಗಿದರೆ ನಮಗೇನು? ನೇರವಾಗಿ ಏನೂ ಇಲ್ಲ: ಕೃಷ್ಣಾ ಕೊಳ್ಳಕ್ಕೆ ಹಿಮದ ನೀರು ಒಂದು ಹನಿಯೂ ಬರುವುದಿಲ್ಲ. ಪರೋಕ್ಷವಾಗಿ ಎರಡು ದಾರಿಗಳಿವೆ. ನಮ್ಮ ಅಂಗಡಿಗಳಿಗೆ ಬರುವ ಗೋಧಿಯಲ್ಲಿ ಪಂಜಾಬ್, ಹರಿಯಾಣಗಳದ್ದೂ ಇದೆ. ಆ ಹೊಲಗಳಿಗೆ ನೀರುಣಿಸುವ ಭಾಕ್ರಾ ಜಲಾಶಯ ಸಟ್ಲೆಜ್‌ನ ಹಿಮವನ್ನು ನೆಚ್ಚಿದೆ. ಎರಡನೆಯದು ಮುಂಗಾರಿನ ದಾರಿ, ಇದು ನನಗೆ ಬಹಳ ಪ್ರಿಯವಾದ ವಿಷಯ. ಧಾರವಾಡ ಜಿಲ್ಲೆಯನ್ನೂ ನುಂಗಿದ 1876-78ರ ಭೀಕರ ಬರದ ನಂತರ, ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್, ಹಿಮಾಲಯದಲ್ಲಿ ಚಳಿಗಾಲ ಮತ್ತು ವಸಂತದ ಹಿಮ ಹೆಚ್ಚಾದ ವರ್ಷ ಮುಂಗಾರು ಸೊರಗುವುದನ್ನು ಗಮನಿಸಿ 1884ರಲ್ಲಿ ಬರೆದರು. ಹಿಮ ಹೆಚ್ಚಿದ್ದರೆ ಬಿಸಿಲು ಹಿಂದಕ್ಕೆ ಹೋಗುತ್ತದೆ, ಉಳಿದ ಶಾಖ ಹಿಮ ಕರಗಿಸುವುದರಲ್ಲಿ ವ್ಯಯವಾಗುತ್ತದೆ. ನೆಲ ಕಾಯುವುದು ತಡವಾಗಿ, ಕಡಲಿನಿಂದ ಮೋಡಗಳನ್ನು ಎಳೆಯುವ ಸೆಳೆತ ಕುಗ್ಗುತ್ತದೆ. ಇಷ್ಟನ್ನು ಕೇಳಿ, ಹಿಮ ಕರಗಿದರೆ ನಮಗೆ ಮಳೆ ಹೆಚ್ಚು ಎಂದು ಲೆಕ್ಕ ಹಾಕುವುದು ತಪ್ಪು. ಆ ಸಂಬಂಧ ಎಲ್ಲ ವರ್ಷಗಳಲ್ಲೂ ನಿಲ್ಲುವುದಿಲ್ಲ, ಪೆಸಿಫಿಕ್ ಸಾಗರದ ಮೇಲ್ಮೈ ನೀರು ವಾಡಿಕೆಗಿಂತ ಬೆಚ್ಚಗಾಗುವ ಎಲ್ ನಿನೊ ಅದನ್ನು ಸುಲಭವಾಗಿ ಮೀರಿಸುತ್ತದೆ.

ಗಂಗಾ-ಕಾವೇರಿ ಜೋಡಣೆಯ ಯೋಜನೆಯನ್ನು ಇಂಜಿನಿಯರ್ ಹಾಗೂ ಕೇಂದ್ರ ಸಚಿವರಾಗಿದ್ದ ಕೆ.ಎಲ್. ರಾವ್ ಅವರು 1972ರಲ್ಲಿ ಮುಂದಿಟ್ಟರು. ಪಾಟ್ನಾದ ಬಳಿಯಿಂದ 60,000 ಕ್ಯೂಸೆಕ್ ನೀರನ್ನು 500 ಮೀಟರಿಗೂ ಹೆಚ್ಚು ಎತ್ತರಕ್ಕೆ ಎತ್ತಿ, 2,600 ಕಿ.ಮೀ.ಗೂ ಉದ್ದದ ಕಾಲುವೆಯಲ್ಲಿ ಹರಿಸುವ ಆಲೋಚನೆ ಅದು. ಖರ್ಚು ಮತ್ತು ವಿದ್ಯುತ್ತಿನ ಹೊರೆಯಿಂದಾಗಿ ಅದನ್ನು ಕೈಬಿಡಲಾಯಿತು. ಅದು ಆಗಿದ್ದರೂ ಪಾಟ್ನಾದಲ್ಲಿ ನೀರು ಮಿಗುವುದು ಮಳೆಗಾಲದಲ್ಲಿ. ಇತ್ತ ಬರುತ್ತಿದ್ದುದು ಹಿಮದ ನೀರಲ್ಲ, ಬಿಹಾರದ ಪ್ರವಾಹದ ನೀರು. ಹತ್ತಿರದ ಯೋಜನೆಗಳಿಗೆ ಇದಕ್ಕಿಂತ ಅರ್ಥವಿದೆ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕಳಸಾ-ಬಂಡೂರಿ ಮೂಲಕ ಮಲಪ್ರಭೆಗೆ 3.9 ಟಿಎಂಸಿ ಅಡಿ ನೀಡಿದೆ. ಹುಬ್ಬಳ್ಳಿ-ಧಾರವಾಡದ ಬಾಯಾರಿಕೆಗೆ ಅದು ನೆರವಾಗಬಲ್ಲದು. ಬೇಡ್ತಿ-ವರದಾ ಜೋಡಣೆಯ ಪ್ರಸ್ತಾವವೂ ಇದೆ, ಉತ್ತರ ಕನ್ನಡದ ಜನ ಅದನ್ನು ವಿರೋಧಿಸುತ್ತಿದ್ದಾರೆ. ನೀರನ್ನು ಹಿಡಿದಿಡುವ ಕಾಡನ್ನೇ ಕಡಿದು ನೀರು ತರುವ ಯಾವ ಕಾಮಗಾರಿಗೂ ನಾನು ಒಪ್ಪಿಗೆಯ ಸಹಿ ಹಾಕಲಾರೆ. ಕಾಡು ಕಡಿಯದೆ ಎಷ್ಟು ಸಾಧ್ಯವೋ ಅಷ್ಟನ್ನು ತರಬೇಕು, ಅದಕ್ಕೂ ಮೊದಲು ಊರಿನ ಕೊಳವೆಗಳಲ್ಲಿ ಸೋರಿಹೋಗುವುದನ್ನು ನಿಲ್ಲಿಸಬೇಕು.

ಮಗನ ಬೋರಿನ ವಿಚಾರ. ಗಟ್ಟಿ ಶಿಲೆಯಲ್ಲಿ ಬೋರ್ ಎಂದರೆ ಬಿರುಕು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಹತ್ತು ಅಡಿ ಆಚೆ ನೆರೆಯವರಿಗೆ ಸಿಕ್ಕ ನೀರು ತಮಗೆ ಸಿಗದಿರಬಹುದು, ತಮಗೆ ಸಿಕ್ಕರೆ ಅವರದು ಬತ್ತಬಹುದು. ಗದಗ ಜಿಲ್ಲೆಯ ಅಂತರ್ಜಲದಲ್ಲಿ, ವಿಶೇಷವಾಗಿ ಮುಂಡರಗಿ, ಶಿರಹಟ್ಟಿ ಕಡೆ, ಫ್ಲೋರೈಡ್ ತೊಂದರೆಯೂ ಇದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಾಗ 1.5ರವರೆಗೆ ನಡೆಯುತ್ತದೆ. ಕುದಿಸಿದರೆ ಅದು ಹೋಗುತ್ತದೆಂದು ಹಲವರು ನಂಬಿದ್ದಾರೆ. ಕುದಿಸಿದಾಗ ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಬೋರ್ ಕೊರೆಸಿದರೂ ಅದನ್ನು ಬಳಕೆಯ ನೀರಿಗೆ ಮಾತ್ರ ಇಟ್ಟುಕೊಳ್ಳಿ, ಪರೀಕ್ಷೆ ಮಾಡಿಸದೆ ಕುಡಿಯಬೇಡಿ.

ನಾನು ಮೊದಲು ಸೂಚಿಸುವುದು ಮಾಳಿಗೆಯ ಮಳೆನೀರನ್ನು. ತಮ್ಮ ಮಾಳಿಗೆ 1,000 ಚದರ ಅಡಿ ಇದ್ದರೆ, 600 ಮಿ.ಮೀ. ಮಳೆಗೆ ಅದರ ಮೇಲೆ ಬೀಳುವುದು ಸುಮಾರು 55,000 ಲೀಟರ್. ಐದರಲ್ಲೊಂದು ಪಾಲು ವ್ಯರ್ಥವಾದರೂ 44,000 ಉಳಿಯುತ್ತದೆ. ಐದು ಜನರ ಕುಡಿಯುವ ಮತ್ತು ಅಡುಗೆಯ ನೀರು ದಿನಕ್ಕೆ 50 ಲೀಟರ್ ಎಂದಿಟ್ಟುಕೊಂಡರೆ, 10,000 ಲೀಟರಿನ ಮುಚ್ಚಿದ ತೊಟ್ಟಿ 200 ದಿನ ನಡೆಯುತ್ತದೆ. ಗದುಗಿನಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನ ಮಳೆಯೂ ಚೆನ್ನಾಗಿ ಬೀಳುವುದರಿಂದ, ಆಗ ತುಂಬಿದ ತೊಟ್ಟಿ ಮೇ ತಿಂಗಳ ಅಡ್ಡಮಳೆಯವರೆಗೆ ಕೈಹಿಡಿಯುತ್ತದೆ. ಇದರಲ್ಲೂ ಎಚ್ಚರ ಬೇಕು. ಪ್ರತಿ ಹಂಗಾಮಿನ ಮೊದಲ ಎರಡು ಮಳೆಯ ನೀರನ್ನು ಹೊರಗೆ ಬಿಡಬೇಕು. ಉಸುಕು, ಜಲ್ಲಿ, ಇದ್ದಿಲಿನ ಸೋಸುಗುಂಡಿ ಇರಬೇಕು, ವರ್ಷಕ್ಕೊಮ್ಮೆ ಅದನ್ನು ತೊಳೆಯಬೇಕು. ಸೊಳ್ಳೆ ಹೋಗುವಷ್ಟು ಸಂದು ಇದ್ದರೂ ಡೆಂಗಿ ಕಾಯ್ದಿರುತ್ತದೆ. ಕುಡಿಯುವ ಮೊದಲು ನೀರನ್ನು ಕುದಿಸಬೇಕು. ತೊಟ್ಟಿ ತುಂಬಿ ಹೆಚ್ಚಾದ ನೀರನ್ನು ಹಿತ್ತಲಲ್ಲಿ ಇಂಗುಗುಂಡಿಗೆ ಬಿಟ್ಟರೆ, ಮಗ ಮುಂದೆ ಬೋರ್ ಕೊರೆಸಿದಾಗ ಅದಕ್ಕೂ ಪ್ರಯೋಜನವಾದೀತು.

ಕೊನೆಗೆ ಗಿಂಡಿಯ ಮಾತು. ಮೇ ತಿಂಗಳಲ್ಲಿ ಗಂಗೋತ್ರಿಯಲ್ಲಿಯೇ ತುಂಬಿಸಿದ್ದರೆ, ಅದರಲ್ಲಿರುವುದು ಬಹುಪಾಲು ಹಿಂದಿನ ಚಳಿಗಾಲದಲ್ಲಿ ಬಿದ್ದ ಹಿಮದ ನೀರೇ, ಜೊತೆಗೆ ಗೋಮುಖದ ಹಿಮನದಿಯದೂ ಸ್ವಲ್ಪ ಇದ್ದೀತು. ಅದೇ ಗಿಂಡಿಯನ್ನು ಶ್ರಾವಣದಲ್ಲಿ ಕಾಶಿಯ ಘಟ್ಟದಲ್ಲಿ ತುಂಬಿಸಿದ್ದರೆ ಅದು ಬಹುಮಟ್ಟಿಗೆ ಮಳೆಯ ನೀರಾಗಿರುತ್ತಿತ್ತು.